ನಮ್ಮ ನೆಲದ ಸಸಿ, ನಮ್ಮ ಕೈಯ ಕಾವಲು
(ಉಪಾಧ್ಯಾಯರೂ ನಾಗರಿಕರೂ ಕೂಡಿದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗಿಡ ಹಚ್ಚುವ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ತಾವು ಅಪ್ಪಣೆ ಮಾಡಿದಿರಿ. ಗಿಡಗಳನ್ನು ಹಚ್ಚಬೇಕು ಎಂದಷ್ಟೇ ಹೇಳುವದಕ್ಕೆ ಭಾಷಣವೇ ಬೇಕಾಗಿಲ್ಲ. ಅದನ್ನು ಅಲ್ಲಗಳೆಯುವವರು ಈ ಸಭೆಯಲ್ಲಿಯಾಗಲಿ ಹೊರಗಾಗಲಿ ಯಾರೂ ಇಲ್ಲ. 1950ರ ಜುಲೈ ತಿಂಗಳಲ್ಲಿ ಕನ್ಹಯ್ಯಾಲಾಲ ಮುನಶಿಯವರು ವನಮಹೋತ್ಸವವನ್ನು ದೇಶವ್ಯಾಪಿಯಾಗಿ ಆರಂಭಿಸಿದಂದಿನಿಂದ ಇಂದಿನ ವರೆಗೂ, ಮೃಗಶಿರದ ಮಳೆ ಬಿದ್ದೊಡನೆ ಶಾಲೆಯ ಅಂಗಳದಲ್ಲಿ, ಕಚೇರಿಯ ಮುಂದೆ, ಹಾದಿಯ ಮಗ್ಗಲಿನಲ್ಲಿ ಸಸಿಗಳನ್ನು ನೆಡುತ್ತಲೇ ಬರಲಾಗಿದೆ. ಆದರೆ ಅನೇಕ ಊರುಗಳಲ್ಲಿ ಈ ವರ್ಷದ ಸಸಿಯನ್ನು ಹೋದ ವರ್ಷದ ಕುಣಿಯಲ್ಲಿಯೇ ನೆಡುವದನ್ನು ತಾವೆಲ್ಲರೂ ಕಂಡಿರುವಿರಿ. ಹೋದ ವರ್ಷದ ಸಸಿ ಏನಾಯಿತೆಂದು ಕೇಳುವವರಿಲ್ಲ. ಕೇಳಿದರೂ ಉತ್ತರ ಕೊಡುವವರಿಲ್ಲ. ಆದುದರಿಂದ ಇಂದು ನಾವು ಮೂರೇ ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತೇವೆ. ಯಾವ ಗಿಡವನ್ನು ಹಚ್ಚಬೇಕು? ಅದನ್ನು ಯಾರು ಕಾಯಬೇಕು? ಎಷ್ಟು ದಿನ ಕಾಯಬೇಕು? ಈ ಮೂರು ಪ್ರಶ್ನೆಗಳು ಬೇರೆ ಬೇರೆಯಾಗಿ ಕಾಣುತ್ತಿದ್ದರೂ ಮೂಲದಲ್ಲಿ ಒಂದೇ ಆಗಿವೆ ಎಂಬದನ್ನು ಮುಂದೆ ಅರಿಕೆ ಮಾಡಿಕೊಳ್ಳುವೆವು.

ಮೊದಲು ನಮ್ಮ ನಾಡಿನಲ್ಲಿಯೇ ನಡೆದ ಒಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳೋಣ. 1984ರಲ್ಲಿ ರಾಜ್ಯ ಸರಕಾರವೂ ಹರಿಹರದ ಒಂದು ನಾರಿನ ಕಾರಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿದವು. ಕೆಲವು ಜಿಲ್ಲೆಗಳ ಹಳ್ಳಿಗಳಿಗೆ ಹೊಂದಿದ ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಮೊದಲಾದ ಗಿಡಗಳನ್ನು ಬೆಳೆದು ಕಾರಖಾನೆಗೆ ಒದಗಿಸಬೇಕೆಂಬದು ಅದರ ಉದ್ದೇಶ. ದಾಖಲೆಯಲ್ಲಿ ಆ ಭೂಮಿ ಪಡಬಿದ್ದ ಭೂಮಿ. ಆದರೆ ಹಳ್ಳಿಯವನಿಗೆ ಅದು ದನದ ಮೇವು, ಒಲೆಯ ಕಟ್ಟಿಗೆ, ನೇಗಿಲ ಮರ, ಬಡವಳ ಉಡಿಯ ಹಣ್ಣು. ಆಗ ಸಮಾಜ ಪರಿವರ್ತನ ಸಮುದಾಯದವರು, ಶ್ರೀ ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ, ಹಳ್ಳಿಹಳ್ಳಿಗೆ ಹೋಗಿ ಜನರನ್ನು ಒಂದುಗೂಡಿಸಿದರು. 1987ರ ನವೆಂಬರ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಗಂಡಸರೂ ಹೆಂಗಸರೂ ಮಕ್ಕಳೂ ಕೂಡಿ ಅಹಿಂಸೆಯಿಂದ ಸತ್ಯಾಗ್ರಹ ಮಾಡಿದರು. ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೊ ಹಚ್ಚಿಕೊ’. ನೀಲಗಿರಿಯ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ಹಣ್ಣು ಮೇವುಗಳನ್ನು ಕೊಡುವ ತಮ್ಮ ಗಿಡಗಳನ್ನು ಹಚ್ಚಿದರು. ಹೋರಾಟವು ಅಲ್ಲಿಗೆ ನಿಲ್ಲಲಿಲ್ಲ. ಸಭೆಗಳೂ ಮನವಿಗಳೂ ನ್ಯಾಯಾಲಯದ ಕೆಲಸವೂ ನಡೆದವು. ಕೊನೆಗೆ 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಈ ಸಂಗತಿಯಲ್ಲಿ ‘ಕಿತ್ತಿಕೊ’ ಎಂಬ ಮಾತನ್ನು ಎಲ್ಲರೂ ನೆನಪಿಟ್ಟರು. ‘ಹಚ್ಚಿಕೊ’ ಎಂಬ ಮಾತಿನ ತೂಕವನ್ನು ಅರಿತವರು ಸ್ವಲ್ಪ ಜನ. ಕೀಳುವದು ಒಂದು ದಿನದ ಕೆಲಸ. ಹಚ್ಚಿಕೊಳ್ಳುವದು ವರ್ಷಗಳ ಕೆಲಸ. ನಮ್ಮ ಕಡೆಯ ಮಾತಿನಲ್ಲಿ ಗಿಡ ಹಚ್ಚುವದೆಂದರೆ ನೆಡುವದು. ಮನಸ್ಸಿಗೆ ಹಚ್ಚಿಕೊಳ್ಳುವದೆಂದರೆ ತನ್ನದನ್ನಾಗಿ ಮಾಡಿಕೊಳ್ಳುವದು. ಈ ಎರಡು ಅರ್ಥಗಳೂ ಕೂಡಿದಲ್ಲದೆ ಒಂದು ಮರವೂ ಬೆಳೆಯಲಾರದು.

ಇನ್ನು ಮೊದಲನೆಯ ಪ್ರಶ್ನೆಗೆ ಬರೋಣ. ಯಾವ ಗಿಡ? ನೀಲಗಿರಿಯನ್ನೂ ಆಸ್ಟ್ರೇಲಿಯಾದ ಅಕೇಶಿಯವನ್ನೂ ಇಷ್ಟೊಂದು ವಿಸ್ತಾರವಾಗಿ ಬೆಳೆಸಲು ಕಾರಣವೇನು? ಅವು ಬೇಗ ಬೆಳೆಯುತ್ತವೆ ಎಂಬದು ಒಂದು ಕಾರಣ. ಅದಕ್ಕಿಂತ ದೊಡ್ಡದಾದ ಇನ್ನೊಂದು ಕಾರಣವುಂಟು. ಅವುಗಳ ಎಲೆಗಳನ್ನು ದನಕರುಗಳು ಮುಟ್ಟುವದಿಲ್ಲ. ದನ ಮುಟ್ಟದ ಗಿಡಕ್ಕೆ ಬೇಲಿ ಬೇಡ, ಕಾವಲುಗಾರ ಬೇಡ, ಊರವರ ಒಪ್ಪಿಗೆಯೂ ಬೇಡ. ನೆಟ್ಟು ಹೋದರಾಯಿತು, ಎಣಿಕೆಗೆ ಸಿಗುತ್ತದೆ. ನಮ್ಮ ಆಲ, ಅತ್ತಿ, ಬಸರಿ, ಹಲಸು, ಹೊನ್ನೆ, ಮತ್ತಿಗಳ ಪಾಡು ಹಾಗಲ್ಲ. ಅವು ಆಡು ಆಕಳುಗಳಿಗೆ ರುಚಿಯಾದುವು. ಆದುದರಿಂದಲೇ ಎಳೆಯದರಲ್ಲಿ ಅವುಗಳಿಗೆ ಕಾವಲು ಬೇಕು. ಯಾವ ಗಿಡ ಉಪಕಾರಿಯೋ ಆ ಗಿಡಕ್ಕೆ ಅಪಾಯವೂ ಹೆಚ್ಚು. ಊರು ಕೂಡಿ ಕಾಯದ ಹೊರತು ಊರಿಗೆ ಬೇಕಾದ ಮರ ಬೆಳೆಯದು ಎಂಬ ಈ ಮಾತಿನಲ್ಲಿ ನಮ್ಮ ಮೂರು ಪ್ರಶ್ನೆಗಳೂ ಒಂದುಗೂಡುತ್ತವೆ. ಕಾಯುವವರಿಲ್ಲದ ಊರಿಗೆ ಕಾವಲು ಬೇಡದ ಗಿಡವೇ ಗತಿ.

ಹೊರಗಿನಿಂದ ಬಂದುದೆಲ್ಲವೂ ಕೆಟ್ಟದ್ದೆಂದು ನಾವು ಹೇಳುವೆವೆಂದು ಯಾರೂ ತಿಳಿಯಬಾರದು. ಮೆಣಸಿನಕಾಯಿ ಶೇಂಗಾಗಳು ಸಮುದ್ರದಾಚೆಯಿಂದ ಬಂದವು. ಗೇರು ಬಂದಿತು, ಪೇರಲ ಬಂದಿತು. ಅವುಗಳನ್ನು ನಮ್ಮ ಅಡಿಗೆಮನೆಗಳೂ ಹಿತ್ತಲುಗಳೂ ಸ್ವೀಕರಿಸಿವೆ. ಯಾವನಾದರೂ ರೈತನು ತನ್ನ ಹೊಲದ ಬದುವಿನಲ್ಲಿ ತನ್ನ ಲೆಕ್ಕ ನೋಡಿಕೊಂಡು ಪರದೇಶದ ಗಿಡವನ್ನು ಬೆಳೆದರೆ ಅದು ಅವನ ವಿಚಾರ. ಆದರೆ ಊರಿನ ಗೋಮಾಳ, ಕೆರೆಯ ಏರಿ, ಗುಂಡುತೋಪು, ಗುಡ್ಡದ ಓರೆಗಳು ಎಲ್ಲರ ಆಸ್ತಿ. ಅಲ್ಲಿ ಹಕ್ಕಿಗೂ ಜೇನಿಗೂ ಪಾಲುಂಟು. ಆಲ ಅತ್ತಿಗಳ ಕಾಯೊಳಗಿನ ಹೂವುಗಳನ್ನು ಫಲಗೊಳಿಸುವ ಸಣ್ಣ ಕಣಜವೊಂದಿದೆ. ಒಂದೊಂದು ಜಾತಿಯ ಆಲಕ್ಕೆ ಅದರದೇ ಆದ ಕಣಜ. ಆ ಹಣ್ಣನ್ನು ತಿಂದ ಹಕ್ಕಿ ಬಾವಲಿಗಳು ಬೀಜವನ್ನು ದೂರ ಒಯ್ಯುವವು. ಬೇಸಗೆಯಲ್ಲಿ ಬೇರೆ ಹಣ್ಣು ಕಾಣದಿದ್ದಾಗ ಅತ್ತಿಯ ಜಾತಿಯ ಮರವೊಂದು ಇಡೀ ಕಾಡಿಗೆ ಅನ್ನ ಹಾಕುವದು. ಈ ಬಾಂಧವ್ಯವು ಸಾವಿರಾರು ವರ್ಷಗಳಿಂದ ಕಟ್ಟಿಕೊಂಡು ಬಂದುದು. ಹೊಸದಾಗಿ ತಂದು ನೆಟ್ಟ ಸಾಲುಗಿಡಗಳಲ್ಲಿ ಅದು ಬರುವದಿಲ್ಲ. ಕರ್ನಾಟಕ ಸರಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವದನ್ನು ನಿಷೇಧಿಸಿತು. ಆದರೆ ಆಜ್ಞೆಯು ಕೆಟ್ಟುದನ್ನು ತಡೆಯಬಲ್ಲದು, ಒಳ್ಳೆಯದನ್ನು ಬೆಳೆಸಲಾರದು. ಆ ಕೆಲಸಕ್ಕೆ ಕೈಗಳು ಬೇಕು.

ಮಹಾಶಯರೇ, ಊರಿನ ಮರಗಳನ್ನು ಊರು ಕಾಯುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಸೊರಬ ಸಾಗರಗಳ ಕಡೆಯ ‘ಕಾನು’, ಉತ್ತರ ಕನ್ನಡದ ‘ಸೊಪ್ಪಿನ ಬೆಟ್ಟ’, ದಕ್ಷಿಣ ಕನ್ನಡದ ‘ಕುಮ್ಕಿ’, ಕೊಡಗಿನ ‘ಬಾಣೆ’ ಹಾಗೂ ‘ದೇವರಕಾಡು’, ಬಯಲುಸೀಮೆಯ ‘ಗುಂಡುತೋಪು’ ಇವೆಲ್ಲ ಒಂದೇ ವಿಚಾರದ ಬೇರೆ ಬೇರೆ ಹೆಸರುಗಳು. ಉಳುಮೆಯ ನೆಲಕ್ಕೆ ಬೆನ್ನಾಗಿ ಮರದ ನೆಲವಿರಬೇಕೆಂಬದೇ ಆ ವಿಚಾರ. 1956ರ ನವೆಂಬರ 1ರ ವರೆಗೆ ಇವುಗಳಲ್ಲಿ ಕೆಲವು ಮುಂಬಯಿ ಪ್ರಾಂತದ ಕಾಯಿದೆಯಲ್ಲಿದ್ದವು, ಕೆಲವು ಮದ್ರಾಸಿನದರಲ್ಲಿ, ಕೆಲವು ಮೈಸೂರಿನದರಲ್ಲಿ, ಕೆಲವು ಕೊಡಗಿನದರಲ್ಲಿ. ಒಬ್ಬ ಕನ್ನಡಿಗನಿಗೆ ಹಕ್ಕೆಂದು ಸಿಕ್ಕುದು ಗುಡ್ಡದಾಚೆಯ ಇನ್ನೊಬ್ಬ ಕನ್ನಡಿಗನಿಗೆ ರಿಯಾಯತಿಯಾಗಿತ್ತು. ಉತ್ತರ ಕನ್ನಡದ ಘಟ್ಟದ ಮೇಲೆ ಅಡಿಕೆ ತೋಟದ ಒಂದು ಎಕರೆಗೆ ಒಂಬತ್ತು ಎಕರೆಗಳ ವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟಿದ್ದರು. ಮತ್ತಿ, ಹೊನ್ನೆ, ನೇರಳೆಗಳಿಗೆ ಈ ಗಡಿಗಳ ಪರಿವೆ ಇರಲಿಲ್ಲ; ಮಳೆ ಎಲ್ಲಿ ಕರೆಯಿತೋ ಅಲ್ಲಿ ಬೆಳೆದವು. ಆಡಳಿತವು ಒಂದಾದ ಮೇಲೆ ಈ ನೆಲಗಳ ಒಟ್ಟು ಚಿತ್ರವನ್ನು ಕನ್ನಡಿಗರು ಒಂದೇ ಕಣ್ಣಿನಿಂದ ನೋಡುವದು ಶಕ್ಯವಾಯಿತು. ನೋಡಿದಾಗ ಕಾಣುವದೇನು? ಕೊಡಗಿನ ದಾಖಲೆಯಲ್ಲಿ ಸಾವಿರದ ಇನ್ನೂರಕ್ಕೂ ಮಿಕ್ಕಿ ದೇವರಕಾಡುಗಳು ಇಂದಿಗೂ ಇವೆ. ಆದರೆ ಎಷ್ಟೋ ಕಡೆ ದೇವರು ಉಳಿದು ಕಾಡು ಕಿರಿದಾಗಿದೆ. ಬಯಲುಸೀಮೆಯಲ್ಲಿ ಗುಂಡುತೋಪುಗಳು ಹೆಸರಿನಲ್ಲಿ ಮಾತ್ರ ಉಳಿದ ಊರುಗಳು ಅನೇಕ. ಕುಂದಿದುದನ್ನು ತುಂಬಿಕೊಳ್ಳುವ ಭಾರ ಈಗ ಯಾರ ಮೇಲಿದೆ ಎಂಬದನ್ನು ತಾವೇ ಆಲೋಚಿಸಿರಿ.

ಈ ಕೆಲಸಕ್ಕೆ ದಾರಿ ತೋರಿದವರು ನಮ್ಮಲ್ಲಿಯೇ ಆಗಿಹೋಗಿದ್ದಾರೆ. 1983ರ ಸೆಪ್ಟೆಂಬರದಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಲಿನ ಜನರು ಕಳಸೆಯ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿಯ ಸೂತ್ರ ಮೂರು ಮಾತುಗಳಲ್ಲಿ ಅಡಗಿತ್ತು: ಉಳಿಸು, ಬೆಳೆಸು, ಬಳಸು. ಅಪ್ಪಿಕೊಳ್ಳುವದು ಮೊದಲನೆಯ ಮಾತಿಗೆ ಸೇರಿದುದು, ಸುದ್ದಿಯಾದುದು ಅದೇ. ಆದರೆ ಹಳ್ಳಿಯ ಯುವಕರೂ ಹೆಣ್ಣುಮಕ್ಕಳೂ ಊರೂರಿನಲ್ಲಿ ಸಸಿಗಳನ್ನು ಎಬ್ಬಿಸಿ ಬೋಳಾದ ಬೆಟ್ಟಗಳಲ್ಲಿ ಹಚ್ಚಿದ್ದು ಎರಡನೆಯ ಮಾತಿನ ಫಲ. ಮೂರನೆಯ ಮಾತು ಇನ್ನೂ ಮುಖ್ಯವಾದುದು. ಬಳಸಬಾರದೆಂದು ಅವರು ಹೇಳಲಿಲ್ಲ, ಹದವರಿತು ಬಳಸೆಂದರು. ಉಪಯೋಗವಿಲ್ಲದ ಮರವನ್ನು ಊರು ಬಹಳ ಕಾಲ ಕಾಯುವದಿಲ್ಲವೆಂಬ ಲೋಕಜ್ಞಾನ ಅವರಿಗಿತ್ತು.

ಇನ್ನಿಬ್ಬರು ತಾಯಂದಿರನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾಗದು. ಮಾಗಡಿ ತಾಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ತಮ್ಮ ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿನ ವರೆಗಿನ ಹಾದಿಯಲ್ಲಿ 385 ಆಲದ ಮರಗಳನ್ನು ಬೆಳೆಸಿದರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು, ಹೀಗೆ. ಕೊಡದಲ್ಲಿ ನೀರು ಹೊತ್ತು ಹಾಕಿದರು. ದನಗಳು ತಿನ್ನದಂತೆ ಮುಳ್ಳು ಕಟ್ಟಿದರು. ಒಂದೇ ದಿನ 385 ನೆಟ್ಟಿದ್ದರೆ ಆ ಸಾಲುಮರ ಇರುತ್ತಿರಲಿಲ್ಲ. ಎಷ್ಟಕ್ಕೆ ನೀರು ಹೊರಬಲ್ಲೆವೋ ಅಷ್ಟನ್ನೇ ನೆಟ್ಟುದರಿಂದ ಅವು ಉಳಿದವು. 2025ರಲ್ಲಿ ಅವರು ತೀರಿಕೊಂಡರು, ನೆರಳು ನಿಂತಿದೆ. ಎರಡನೆಯವರು ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗರ ತುಳಸಿ ಗೌಡರು. ಮಾಸ್ತಿಕಟ್ಟೆಯ ಅರಣ್ಯ ಖಾತೆಯ ಸಸಿತೋಟದಲ್ಲಿ ಕೂಲಿಯ ಕೆಲಸದಿಂದ ಆರಂಭಿಸಿದ ಇವರು ಅಕ್ಷರ ಕಲಿತವರಲ್ಲ. ಆದರೆ ಕಾಡಿನಲ್ಲಿ ಯಾವ ಮರ ತಾಯಿಮರ, ಅದರ ಬೀಜವನ್ನು ಯಾವ ದಿನ ಆರಿಸಬೇಕು, ಅದನ್ನು ಹೇಗೆ ಮೊಳೆಸಬೇಕು ಎಂಬದನ್ನು ಅವರಂತೆ ಬಲ್ಲವರು ವಿರಳವಾಗಿದ್ದರು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. 2024ರಲ್ಲಿ ನಿಧನ ಹೊಂದಿದರು. ತಿಮ್ಮಕ್ಕನವರಿಂದ ನೀರು ಮುಳ್ಳುಗಳ ಪಾಠವನ್ನೂ, ತುಳಸಿ ಗೌಡರಿಂದ ಬೀಜದ ಪಾಠವನ್ನೂ ನಾವು ಕಲಿಯಬೇಕು. ಪುಸ್ತಕ ಓದಿದವರಾದ ನಾವು ಓದದ ಈ ತಾಯಂದಿರ ಮುಂದೆ ವಿದ್ಯಾರ್ಥಿಗಳಾಗಿ ಕೂತರೆ ಕಡಮೆಯೇನೂ ಆಗುವದಿಲ್ಲ.

ಈಗ ಉಪಾಧ್ಯಾಯ ಬಂಧುಗಳಿಗೆ ಕೆಲಸಕ್ಕೆ ಬರುವ ಕೆಲವು ಮಾತುಗಳನ್ನು ಹೇಳುತ್ತೇವೆ. ಸಸಿಗಳನ್ನು ಬೇರೆಡೆಯಿಂದ ತರಿಸುವ ಬದಲು ಶಾಲೆಯ ಹಿಂದೆ ಹತ್ತು ಮೊಳ ಜಾಗದಲ್ಲಿ ಸಸಿಮಡಿಯನ್ನು ಮಾಡಿರಿ. ಬೀಜವನ್ನು ನಿಮ್ಮ ಸೀಮೆಯ ಮರಗಳಿಂದಲೇ ಆರಿಸಿರಿ. ಒಂದೇ ಮರದಿಂದ ಆರಿಸದೆ ಹತ್ತಾರು ಮರಗಳಿಂದ ಆರಿಸಿರಿ. ಹುಣಸೆ, ಹೊಂಗೆಗಳ ಬೀಜಗಳನ್ನು ಬೇಸಗೆಯಲ್ಲಿ ಕೂಡಿಟ್ಟರೆ ಮಳೆಗಾಲದ ವರೆಗೆ ಕೆಡುವದಿಲ್ಲ. ಬೇವು, ನೇರಳೆ, ಹಲಸುಗಳ ಮಾತು ಬೇರೆ. ಹಣ್ಣಾದ ಕೆಲವೇ ದಿನಗಳಲ್ಲಿ ಊರದಿದ್ದರೆ ಅವುಗಳ ಜೀವ ಹೋಗುವದು. ಮಲೆನಾಡಿನ ಜವುಗಿನ ರಾಮಪತ್ರೆಯ ಬೀಜವಂತೂ ಒಣಗಿದೊಡನೆ ಸತ್ತಂತೆಯೇ. ಕಕ್ಕೆಯ ಬೀಜದ ಸಿಪ್ಪೆ ಗಟ್ಟಿ. ಅದನ್ನು ಕಲ್ಲಿಗೆ ಸ್ವಲ್ಪ ತಿಕ್ಕಬೇಕು ಇಲ್ಲವೆ ಬಿಸಿನೀರಿನಲ್ಲಿ ನೆನೆಯಿಡಬೇಕು. ನೆಲ್ಲಿಯ ಗೊರಟವನ್ನು ಬಿಸಿಲಿಗೆ ಒಣಗಿಸಿದರೆ ತಾನೇ ಬಿರಿದು ಬೀಜ ಬಿಡುವದು. ಆಲವನ್ನು ಟೊಂಗೆಯಿಂದಲೇ ಬೆಳೆಸಬಹುದು. ಇವೆಲ್ಲ ಮಕ್ಕಳಿಗೆ ಪಾಠವೂ ಆಯಿತು, ಊರಿಗೆ ಸಸಿಯೂ ಆಯಿತು. ಪ್ರತಿಯೊಂದು ಶಾಲೆಯಲ್ಲಿ ಒಂದು ದಪ್ತರವಿರಲಿ. ಯಾವ ಗಿಡ, ಯಾವ ಮರದ ಬೀಜ, ಯಾವ ದಿನ ಹಚ್ಚಿದ್ದು, ಯಾವ ಓಣಿಯವರು ನೀರು ಹಾಕುವರು, ಪ್ರತಿ ಯುಗಾದಿಗೆ ಬದುಕಿದೆಯೋ ಇಲ್ಲವೋ ಎಂಬದನ್ನು ಅದರಲ್ಲಿ ಬರೆಯಿರಿ. ಹಚ್ಚಿದ ಲೆಕ್ಕಕ್ಕಿಂತ ಬದುಕಿದ ಲೆಕ್ಕವೇ ನಿಜವಾದ ಲೆಕ್ಕ.

ಎಲ್ಲಿ ಹಚ್ಚಬಾರದು ಎಂಬದನ್ನೂ ಅರಿತಿರಬೇಕು. ಬೋಳಾಗಿ ಕಾಣುವ ನೆಲವೆಲ್ಲ ಹಾಳು ನೆಲವಲ್ಲ. ರಾಣಿಬೆನ್ನೂರ ಸೀಮೆಯ ಹುಲ್ಲು ಕುರುಚಲುಗಳ ಬಯಲು ಕೃಷ್ಣಮೃಗದ ಮನೆ. 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಎರೆಭೂತವೆಂಬ ದೊಡ್ಡ ಹಕ್ಕಿಯೂ ಒಂದು ಕಾಲಕ್ಕೆ ಅಲ್ಲಿ ಓಡಾಡುತ್ತಿತ್ತು. ಅಂಥ ತೆರೆದ ಬಯಲಿನಲ್ಲಿ ದಟ್ಟವಾಗಿ ನೀಲಗಿರಿಯನ್ನು ಬೆಳೆಸಿದುದರಿಂದ ಹುಲ್ಲುನೆಲ ಕುಗ್ಗಿತು. ಎರೆಭೂತ ಈಗ ಅಲ್ಲಿ ಇಲ್ಲ. ಹುಲ್ಲುಗಾವಲಿಗೆ ಹುಲ್ಲೇ ಶೋಭೆ, ಹುಲ್ಲೇ ಸಂಪತ್ತು. ಅಲ್ಲಿ ನಾಟಿ ಮರಗಳನ್ನು ತುಂಬಿದರೂ ಅದು ಉಪಕಾರವಾಗಲಾರದು. ಹಾಗೆಯೇ ಕಡಿದ ಬೊಡ್ಡೆಗಳೂ ಬೇರುಗಳೂ ಇನ್ನೂ ಜೀವವಾಗಿರುವ ಕುರುಚಲು ಕಾಡಿನಲ್ಲಿ ಹೊಸ ಕುಣಿ ತೋಡಬೇಕಾಗಿಲ್ಲ. ನಾಲ್ಕಾರು ಮಳೆಗಾಲ ಕೊಡಲಿ ಬೆಂಕಿಗಳನ್ನು ದೂರವಿಟ್ಟರೆ ಮುತ್ತುಗ, ದಿಂಡಿಗ, ಮತ್ತಿಗಳು ತಾವಾಗಿ ಚಿಗುರುವವು. ಅಲ್ಲಿ ಸ್ವಯಂಸೇವಕನ ಕೆಲಸ ನೆಡುವದಲ್ಲ, ಲಂಟಾನವನ್ನು ಬೇರುಸಹಿತ ತೆಗೆಯುವದು ಮತ್ತು ಕಾಯುವದು.

ಇನ್ನು ಒಂದು ಸೂಕ್ಷ್ಮವಾದ ಮಾತು. ಊರಿನ ಗೋಮಾಳಕ್ಕೆ ಪಟ್ಟಣದ ಸಜ್ಜನರು ಹೋಗಿ, ಸದುದ್ದೇಶದಿಂದ ಬೇಲಿ ಹಾಕಿ, ಸಸಿ ನೆಟ್ಟು, ಛಾಯಾಚಿತ್ರ ತೆಗೆಸಿಕೊಂಡು ಬಂದರೆ ಅಲ್ಲಿ ಕುರಿ ಮೇಯಿಸುತ್ತಿದ್ದವನು ಎಲ್ಲಿಗೆ ಹೋಗಬೇಕು? ಅವನು ಬೇಲಿಯನ್ನು ಮುರಿದರೆ ಅವನನ್ನು ಕಳ್ಳನೆನ್ನುವದು ನ್ಯಾಯವೆ? ಕುಸನೂರಿನ ಜನರು ನೀಲಗಿರಿಯನ್ನು ಕಿತ್ತದ್ದು, ತಮ್ಮನ್ನು ಕೇಳದೆ ತಮ್ಮ ನೆಲದ ಮೇಲೆ ಅದನ್ನು ಹಚ್ಚಿದುದಕ್ಕಾಗಿ. ನಾಟಿ ಗಿಡವನ್ನೂ ಕೇಳದೆ ಹಚ್ಚಿದರೆ ತಪ್ಪು ತಪ್ಪೇ. ಆದುದರಿಂದ ಮೊದಲು ಕುರುಬನನ್ನು, ಕಟ್ಟಿಗೆ ತರುವ ಹೆಣ್ಣುಮಗಳನ್ನು, ಊರಿನ ಹಿರಿಯರನ್ನು ಕೂಡಿಸಿ ಕೇಳಿರಿ. ಒಂದು ವರ್ಷ ಒಂದು ಪಾಲನ್ನು ಮಾತ್ರ ಮುಚ್ಚಿ, ಉಳಿದುದನ್ನು ಮೇಯಲು ಬಿಡಿರಿ. ಸಸಿ ದನದ ಬಾಯಿಗಿಂತ ಮೇಲಾದ ಬಳಿಕ ಆ ಪಾಲನ್ನು ತೆರೆದು ಇನ್ನೊಂದನ್ನು ಮುಚ್ಚಿರಿ. ಮೇವಿನ ಹುಲ್ಲನ್ನು ಕೊಯ್ದುಕೊಳ್ಳಲು ಅವರಿಗೇ ಕೊಡಿರಿ. ಆಗ ಬೇಲಿ ಮುರಿಯುವವನೇ ಬೇಲಿ ಕಾಯುವವನಾಗುವನು.

ಇದೆಲ್ಲ ಸರಕಾರದ ಕೆಲಸವಲ್ಲವೆ ಎಂದು ಕೆಲವರು ಕೇಳುವರು. ಸರಕಾರದ ಕೆಲಸವೂ ಹೌದು. 1993ರಿಂದ ನಮ್ಮ ರಾಜ್ಯದಲ್ಲಿ ಅರಣ್ಯ ಖಾತೆಯೊಡನೆ ಪಾಲುದಾರರಾಗಿ ಕಾಡು ಬೆಳೆಸಲು ಗ್ರಾಮ ಅರಣ್ಯ ಸಮಿತಿಗಳನ್ನು ಮಾಡಿಕೊಳ್ಳುವ ಏರ್ಪಾಡಾಗಿದೆ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಪಂಚಾಯತಿಯ ಮಟ್ಟದಲ್ಲಿ ಸಮಿತಿಯನ್ನೂ, ಊರಿನ ಗಿಡಮೂಲಿಕೆ ಪ್ರಾಣಿಪಕ್ಷಿಗಳ ದಾಖಲೆಯನ್ನೂ ಬಯಸುತ್ತದೆ. ಬಾಗಿಲನ್ನು ತೆರೆದಿಟ್ಟಿದ್ದಾರೆ, ಒಳಗೆ ಹೋಗುವವರು ನಾವು. ಅನೇಕ ಕಡೆ ಆ ಸಮಿತಿಗಳು ಕಾಗದದ ಮೇಲೆ ಮಲಗಿದ್ದರೆ ಅದಕ್ಕೆ ಕಚೇರಿಯೊಂದೇ ಕಾರಣವಲ್ಲ. ಓದುಬಲ್ಲವರಾದ ಉಪಾಧ್ಯಾಯರೂ ನಾಗರಿಕರೂ ಊರಿನವರಿಗೆ ಆ ಕಾಗದವನ್ನು ಓದಿ ಹೇಳಿದರೆ, ಅರ್ಜಿ ಬರೆದುಕೊಟ್ಟರೆ, ಅವು ಎದ್ದು ನಡೆಯುವವು.

ಬಂಧುಗಳೇ, ನಾವು ಬಹಳ ದೊಡ್ಡದನ್ನು ಕೇಳುವದಿಲ್ಲ. ಒಂದೊಂದು ಶಾಲೆಗೆ ಒಂದು ಸಸಿಮಡಿ; ಒಂದೊಂದು ಓಣಿಗೆ ನೀರು ಹೊರಬಲ್ಲಷ್ಟು ಗಿಡ; ಒಂದೊಂದು ಗಿಡಕ್ಕೆ ಮೂರು ಬೇಸಗೆಯ ಕಾವಲು. ನಾಡೆಂದರೆ ನಕ್ಷೆಯ ಮೇಲಿನ ಗೆರೆಗಳಷ್ಟೇ ಅಲ್ಲ. ಆ ಗೆರೆಗಳೊಳಗೆ ಏನು ಬೆಳೆಯುತ್ತದೆ, ಯಾರು ಅದನ್ನು ಕಾಯುತ್ತಾರೆ ಎಂಬದರಿಂದಲೂ ನಾಡು ನಾಡಾಗುವದು. ಮಾತನಾಡುವ ಕಾಲ ಮುಗಿಯಿತು. ಮಾವು ಹಲಸುಗಳು ಹಣ್ಣಾಗುವ ಕಾಲ ಬಂದಿದೆ. ತಿಂದ ಹಣ್ಣಿನ ಬೀಜವನ್ನು ಎಸೆಯದೆ ನಾಳೆಯೇ ಮಕ್ಕಳ ಕೈಯಲ್ಲಿ ಮಡಿಯಲ್ಲಿ ಊರಿಸಿರಿ. ಮುಂದಿನ ವರ್ಷ ಇದೇ ದಿನ ನಾವೆಲ್ಲರೂ ಕೂಡಿದಾಗ ಭಾಷಣವಿಲ್ಲದೆ ದಪ್ತರವನ್ನು ತೆರೆದು, ಎಷ್ಟು ಬದುಕಿವೆ ಎಂಬದನ್ನು ಓದಿ ಹೇಳುವಂತಾಗಲಿ ಎಂದು ಬೇಡಿಕೊಳ್ಳುತ್ತೇವೆ.